ಪರದೇಶದ ಸಂಬಳ, ತಾಳಿಕೋಟೆಯ ಲೆಕ್ಕ

ಪ್ರಶ್ನೆ: ನಾನು ಐ.ಟಿ.ಐ. ಮುಗಿಸಿದ ಎಲೆಕ್ಟ್ರೀಷಿಯನ್. ಮನೆ ವೈರಿಂಗ್, ಹೊಲದ ಮೋಟರ್ ಕೆಲಸದಿಂದ ತಿಂಗಳಿಗೆ 18,000 ರೂಪಾಯಿ ದುಡಿಯುತ್ತೇನೆ. ನನ್ನ ಖರ್ಚು 5,000 ಕಳೆದು ಉಳಿದದ್ದು ಮನೆಗೆ. ದುಬೈನಲ್ಲಿ 1,500 ದಿರ್ಹಮ್ ಸಂಬಳ, ರೂಮು ಕಂಪನಿಯದು, ಊಟ ನಮ್ಮದು, ಎರಡು ವರ್ಷದ ಕರಾರು ಎನ್ನುತ್ತಾರೆ ಏಜೆಂಟರು. ಅವರಿಗೆ 90,000 ಕೊಡಬೇಕು. ನೂರಕ್ಕೆ ಮೂರರ ಬಡ್ಡಿಗೆ ಸಾಲ ಸಿಗುತ್ತದೆ. ಸಂಬಳ ಇಲ್ಲಿಯದಕ್ಕಿಂತ ಎರಡು ಪಟ್ಟು. ಹೋಗಲೇನ್ರಿ?
— ಓದುಗ, ತಾಳಿಕೋಟೆ

ಉತ್ತರ: ಎರಡು ಪಟ್ಟಾಗಿರುವುದು ಸಂಬಳ, ಉಳಿತಾಯವಲ್ಲ. ದಿರ್ಹಮ್‌ಗೆ 24 ರೂಪಾಯಿ ಹಿಡಿದರೆ 1,500 ದಿರ್ಹಮ್ ಎಂದರೆ 36,000. ಆದರೆ ಅಲ್ಲಿ ಉಣ್ಣುವುದು ದಿರ್ಹಮ್‌ನಲ್ಲೇ. ನಾಲ್ಕಾರು ಜನ ಕೂಡಿ ಅಡಿಗೆ ಮಾಡಿಕೊಂಡರೂ ಊಟಕ್ಕೆ 450, ಫೋನು, ಬಸ್ಸು, ಸಾಬೂನು, ಔಷಧಕ್ಕೆ 200 ಇಟ್ಟುಕೊಳ್ಳಿ. ಉಳಿಯುವುದು 850, ಅಂದರೆ 20,400 ರೂಪಾಯಿ. ಇಲ್ಲಿ ಈಗಲೇ 13,000 ಉಳಿಸುತ್ತಿದ್ದೀರಿ. ಹೆಚ್ಚುವರಿ ಲಾಭ ತಿಂಗಳಿಗೆ 7,400. ಎರಡು ವರ್ಷಕ್ಕೆ 1,77,600. ಅದರಲ್ಲಿ ಏಜೆಂಟರ 90,000 ಕಳೆದರೆ ತಿಂಗಳಿಗೆ ಬೀಳುವುದು 3,650 ರೂಪಾಯಿ ಮಾತ್ರ. ಸಾಲದ ಬಡ್ಡಿಯೇ ಮೊದಮೊದಲು ತಿಂಗಳಿಗೆ 2,700. ಇಷ್ಟಕ್ಕಾಗಿ ಎರಡು ವರ್ಷ ಮನೆಮಂದಿಯನ್ನು ಬಿಟ್ಟಿರಬೇಕೇ?

ಹೋಗಲೇಬೇಡಿ ಎನ್ನುತ್ತಿಲ್ಲ. ಇದೇ ಕೆಲಸವನ್ನು ಲಾಭದ್ದಾಗಿಸುವ ದಾರಿಗಳಿವೆ.

ಮೊದಲನೆಯದು ಏಜೆಂಟರ ಹಣ. ನಮ್ಮ ಸರ್ಕಾರದ ನಿಯಮದಂತೆ ನೋಂದಾಯಿತ ಏಜೆಂಟರು ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ; ಶೇ. 18 ಜಿ.ಎಸ್.ಟಿ. ಸೇರಿ 35,400. ಯುಎಇಯ 2021ರ ಕಾರ್ಮಿಕ ಕಾನೂನಂತೂ ನೇಮಕಾತಿಯ ಖರ್ಚನ್ನು ಕೆಲಸಗಾರನ ಮೇಲೆ ಹೊರಿಸಕೂಡದು ಎನ್ನುತ್ತದೆ. ವಿದೇಶಾಂಗ ಸಚಿವಾಲಯದ 'ಇ-ಮೈಗ್ರೇಟ್' ಜಾಲತಾಣದಲ್ಲಿ ಏಜೆಂಟರ ಹೆಸರಿದೆಯೇ ನೋಡಿ. ಇಲ್ಲದಿದ್ದರೆ ಒಂದು ರೂಪಾಯಿಯನ್ನೂ ಕೊಡಬೇಡಿ. 'ವಿಸಿಟ್ ವೀಸಾದ ಮೇಲೆ ಹೋಗಿ, ಅಲ್ಲಿ ಬದಲಿಸೋಣ' ಎಂದರಂತೂ ಅಲ್ಲಿಗೇ ಕೈಬಿಡಿ.

ಎರಡನೆಯದು ಊಟ. ಊಟವನ್ನೂ ಕಂಪನಿ ಕೊಟ್ಟರೆ ನಿಮಗೆ ತಿಂಗಳಿಗೆ 10,800 ರೂಪಾಯಿ ಉಳಿಯುತ್ತದೆ. ಸಂಬಳದಲ್ಲಿ ನೂರಿನ್ನೂರು ದಿರ್ಹಮ್ ಏರಿಸಿ ಎಂದು ಕೇಳುವ ಬದಲು ಊಟ ಕೇಳಿ.

ಮೂರನೆಯದು ಮೂಲ ವೇತನ. ಅಲ್ಲಿ ವರ್ಷ ತುಂಬಿದವರಿಗೆ, ಮೊದಲ ಐದು ವರ್ಷ, ವರ್ಷಕ್ಕೆ 21 ದಿನದ ಮೂಲ ವೇತನದಷ್ಟು ಗ್ರಾಚ್ಯುಟಿ ಸಿಗುತ್ತದೆ. 1,500ರಲ್ಲಿ ಮೂಲ ವೇತನ 1,000 ಮಾತ್ರವಾದರೆ ಎರಡು ವರ್ಷಕ್ಕೆ ಬರುವುದು 1,400 ದಿರ್ಹಮ್. ಪೂರ್ತಿ 1,500 ಆದರೆ 2,100. ಓವರ್‌ಟೈಮ್ ಲೆಕ್ಕವೂ ಮೂಲ ವೇತನದ ಮೇಲೆಯೇ. ಇದೆಲ್ಲ ಬರವಣಿಗೆಯಲ್ಲಿ ಕೈಸೇರಿದ ಮೇಲೆ ಸಾಲದ ಮಾತು.

ಪ್ರಶ್ನೆ: ಮಗ ಎಂ.ಎಸ್. ಓದಲು ಜರ್ಮನಿಗೆ ಹೊರಟಿದ್ದಾನೆ. ಬ್ಲಾಕ್ಡ್ ಅಕೌಂಟಿನಲ್ಲಿ 11,904 ಯೂರೋ ಇಡಬೇಕಂತೆ, ತಿಂಗಳಿಗೆ 992 ಯೂರೋ ಬಿಡಿಸಿಕೊಳ್ಳಬಹುದಂತೆ. ಅದು ಹತ್ತಿರ ಹತ್ತಿರ ಲಕ್ಷ ರೂಪಾಯಿ! ಅಷ್ಟರಲ್ಲಿ ನಮ್ಮ ಮನೆಯವರೆಲ್ಲ ಮೂರು ತಿಂಗಳು ಉಣ್ಣುತ್ತೇವೆ. ಒಬ್ಬನಿಗೆ ಅಷ್ಟೇಕೆ?
— ಒಬ್ಬ ತಾಯಿ, ನಾಲತವಾಡ

ಉತ್ತರ: ಅಮ್ಮಾ, ನಿಮಗೆ ಮನೆ ಸ್ವಂತದ್ದು, ಜೋಳ ಹೊಲದ್ದು. ಅವನಿಗೆ ಎರಡೂ ಕೊಳ್ಳುವವೇ. ಹಾಗಾಗಿ ಲಕ್ಷವನ್ನು ಲಕ್ಷಕ್ಕೆ ಹೋಲಿಸಬೇಡಿ. ಯಾವ ಊರಿಗೆ ಹೋಗುತ್ತಾನೆ ಎಂದು ಕೇಳಿ.

ವಿದ್ಯಾರ್ಥಿಯ ಆರೋಗ್ಯ ವಿಮೆಗೆ ತಿಂಗಳಿಗೆ ಸುಮಾರು 145 ಯೂರೋ ಬೇಕು. ಅದು ಯಾವ ಊರಲ್ಲೂ ತಪ್ಪದು. ಮ್ಯೂನಿಕ್‌ನಲ್ಲಿ ಖಾಸಗಿ ಕೋಣೆಗೆ 700 ಹೋದರೆ ಊಟ, ಬಟ್ಟೆ, ಪುಸ್ತಕಕ್ಕೆಲ್ಲ ಸೇರಿ ಉಳಿಯುವುದು 147. ಲೈಪ್‌ಜಿಗ್‌ನಂಥ ಊರಲ್ಲಿ 400ಕ್ಕೆ ಕೋಣೆ ಸಿಕ್ಕರೆ 447 ಉಳಿಯುತ್ತದೆ. ಅದೇ 992 ಮೊದಲ ಊರಲ್ಲಿ ಸಾಲದು, ಎರಡನೆಯದರಲ್ಲಿ ಹಿತಮಿತವಾಗಿ ಸಾಕು. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುತೇಕ ಬೋಧನಾ ಶುಲ್ಕವಿಲ್ಲ. ಆದರೆ ಸ್ಟುಟ್‌ಗಾರ್ಟ್ ಇರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥ ಹೊರದೇಶದವರು 2017ರಿಂದ ಸೆಮಿಸ್ಟರ್‌ಗೆ 1,500 ಯೂರೋ ಕಟ್ಟಬೇಕು. ಅದೇ ತಿಂಗಳಿಗೆ 250 ಆಯಿತು.

ಪ್ರವೇಶಪತ್ರ ಬಂದ ದಿನವೇ 'ಸ್ಟುಡೆಂಟೆನ್‌ವೆರ್ಕ್' ಹಾಸ್ಟೆಲಿಗೆ ಅರ್ಜಿ ಹಾಕಲು ಹೇಳಿ. ಅಲ್ಲಿಯ ಅಗ್ಗದ ಕೋಣೆಗಳಿಗೆ ಸರದಿ ಉದ್ದ. ವರ್ಷಕ್ಕೆ 140 ಪೂರ್ಣ ದಿನ ಕೆಲಸ ಮಾಡಲು ಅವನಿಗೆ ಅವಕಾಶವಿದೆ. ಆದರೆ ಜರ್ಮನ್ ಭಾಷೆ ಬಾರದವನಿಗೆ ಮೊದಲ ಆರು ತಿಂಗಳು ಆ ಆದಾಯವನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಇನ್ನೊಂದು ಮಾತು. ಖಾತೆಗೆ ಹಾಕುವ ಹಣ ಮೊದಲ ವರ್ಷದ್ದು ಮಾತ್ರ. ಎರಡನೆಯ ವರ್ಷ ರೂಪಾಯಿ ಕುಸಿದಿದ್ದರೆ ಅದೇ 992 ಯೂರೋಗೆ ನೀವು ಹೆಚ್ಚು ರೂಪಾಯಿ ಕೊಡಬೇಕಾಗುತ್ತದೆ. ಬ್ಯಾಂಕಿನಲ್ಲಿ ಶಿಕ್ಷಣ ಸಾಲ ಕೇಳುವಾಗಲೇ ಎರಡೂ ವರ್ಷದ ಖರ್ಚು, ಅದರ ಮೇಲೆ ನೂರಕ್ಕೆ ಹತ್ತರಷ್ಟು ಸೇರಿಸಿ ಕೇಳಿ. ನಡುವೆ ಹಣ ಸಾಲದೆ ಹೊಲ ಅಡವಿಡುವ ಪ್ರಸಂಗ ನಿಮಗೆ ಬರಬಾರದು.