ಹಳೇ ಜಾವಾ ಇಂಜಿನ್ನಿಗೆ ಕೈ ಹಾಕುವವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಜುಲೈ ಎರಡನೇ ಭಾನುವಾರ ಜಾವಾ ದಿನ. ಅದಕ್ಕೆ ಹದಿನೈದು ದಿನ ಇದೆ ಅನ್ನುವಾಗ ಹಳೇ ಜಾವಾ, ಯೆಜ್ಡಿಗಳು ಗೂಡ್ಸ್ ಆಟೋದಲ್ಲಿ ಮಲಗಿಕೊಂಡು ನಮ್ಮ ಶೆಡ್ಡಿಗೆ ಬರುತ್ತವೆ. ಅರ್ಧ ಗಾಡಿ, ಇನ್ನರ್ಧ ಗೋಣಿಚೀಲದಲ್ಲಿ. ಮೈಸೂರು ಯಾದವಗಿರಿಯ ಜಾವಾ ಕಾರ್ಖಾನೆ 1961ರಲ್ಲಿ ಗಾಡಿ ಕಟ್ಟಲು ಶುರುಮಾಡಿ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿಂದ ಬಂದ ಇಂಜಿನ್ ಕೇಸು ಒಡೆದರೆ ಮತ್ತೊಂದು ಎರಕ ಬರುವುದಿಲ್ಲ. ವಯಸ್ಸಾಗಿ ಕೆಟ್ಟ ಇಂಜಿನ್ನಿಗಿಂತ ಬಿಚ್ಚುವವರ ಆತುರಕ್ಕೆ ಕೆಟ್ಟ ಇಂಜಿನ್ನೇ ನನ್ನ ಕೈಗೆ ಹೆಚ್ಚು ಬಂದಿದೆ. 250 ಸಿಸಿಯ ಒಂಟಿ ಸಿಲಿಂಡರ್ ಟೂ ಸ್ಟ್ರೋಕ್ ಇಂಜಿನ್ನನ್ನು ಮನೆಯಲ್ಲೇ ಬಿಚ್ಚಬೇಕೆಂದಿರುವವರು ಮೊದಲು ಇದನ್ನು ಓದಿಕೊಳ್ಳಿ.

ವರ್ಷಗಟ್ಟಲೆ ನಿಂತ ಗಾಡಿಗೆ ಕಿಕ್ ಹೊಡೆಯಬೇಡಿ. ಬೋರ್ ಬೀಡುಕಬ್ಬಿಣದ್ದು, ರಿಂಗು ಅದಕ್ಕೆ ತುಕ್ಕು ಹಿಡಿದು ಅಂಟಿಕೊಂಡಿರುತ್ತದೆ. ಪ್ಲಗ್ ತೆಗೆದು ಆ ತೂತಿನಿಂದ ಡೀಸೆಲ್, ಆಯಿಲ್ ಬೆರೆಸಿ ಹುಯ್ಯಿರಿ. ಎರಡು ದಿನ ಬಿಡಿ. ಆಮೇಲೆ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲಿ ಹಿಂದೆ ಮುಂದೆ ಅಲ್ಲಾಡಿಸಿ. ಬರಲಿಲ್ಲವೆಂದರೆ ಇನ್ನೆರಡು ದಿನ.

ಹೊಗೆ ನೋಡಿ ಬೋರ್ ಮಾಡಿಸಲು ಓಡಬೇಡಿ. ಮೊದಲು ಗೇರ್ ಆಯಿಲ್ ಅಳೆಯಿರಿ. ಸೋರಿಕೆ ಇಲ್ಲದೆಯೂ ಆಯಿಲ್ ಕಡಿಮೆಯಾಗುತ್ತ, ಸೈಲೆನ್ಸರುಗಳಿಂದ ದಟ್ಟ ಹೊಗೆ ಬರುತ್ತಿದ್ದರೆ ಕ್ರ್ಯಾಂಕಿನ ಎಡಗಡೆಯ ಆಯಿಲ್ ಸೀಲ್ ಹೋಗಿದೆ ಎಂದು ಅನುಮಾನಿಸಿ. ಇಂಜಿನ್ ಕ್ಲಚ್ ಕಡೆಯ ಆಯಿಲನ್ನು ಒಳಗೆಳೆದು ಸುಡುತ್ತಿರುತ್ತದೆ. ಬಲಗಡೆ, ಡೈನಮೋ ಹಿಂದಿನ ಸೀಲ್ ಹೋದರೆ ಹೊಗೆ ಬರುವುದಿಲ್ಲ. ಗಾಳಿ ಸೇರಿ ಪೆಟ್ರೋಲ್ ತೆಳುವಾಗುತ್ತದೆ, ಐಡ್ಲಿಂಗ್ ನಿಲ್ಲುವುದಿಲ್ಲ, ಕೊನೆಗೆ ಕಾದು ಪಿಸ್ಟನ್ ಹಿಡಿಯುತ್ತದೆ. ಇದೇ ಹೆಚ್ಚು ಅಪಾಯದ್ದು, ಏಕೆಂದರೆ ಕಣ್ಣಿಗೆ ಕಾಣುವುದಿಲ್ಲ. ಹೊಸ ಪಿಸ್ಟನ್ ಹಾಕಿ ಹಳೇ ಸೀಲ್ ಉಳಿಸುವ ಜಿಪುಣತನ ಮಾಡಬಾರದು.

ಪಕ್ಕದ ಕವರುಗಳ ಸ್ಕ್ರೂ ಒಂದೇ ಗೀಟಿನವು. ತೆಳ್ಳನೆಯ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ತಲೆ ಸವೆಯುತ್ತದೆ, ಆಮೇಲೆ ಉಳಿ ಬರುತ್ತದೆ, ಉಳಿಯ ಹಿಂದೆ ಸುತ್ತಿಗೆ. ಗೀಟಿನ ತುಂಬ ಕೂರುವ ಇಂಪ್ಯಾಕ್ಟ್ ಡ್ರೈವರೇ ಬಳಸಿ. ಡೈನಮೋ ಆರ್ಮೇಚರ್ ಟೇಪರ್ ಮೇಲೆ ಕೂತಿದೆ, ಅದಕ್ಕೆ ಪುಲ್ಲರ್ ಬೇಕು. ಪಕ್ಕದಿಂದ ಬಡಿದರೆ ಕ್ರ್ಯಾಂಕಿನ ತುದಿ ಬಾಗುತ್ತದೆ, ಆಮೇಲೆ ಪಾಯಿಂಟ್ ಗ್ಯಾಪು ಎಷ್ಟು ಸಲ 0.4 ಮಿ.ಮೀ.ಗೆ ಇಟ್ಟರೂ ನಿಲ್ಲುವುದಿಲ್ಲ. ಕೇಸಿನ ಎರಡು ಹೋಳು ಬೇರೆ ಮಾಡುವಾಗ ನಡುವೆ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ಅಲ್ಲಿ ಬಿದ್ದ ಒಂದು ಗೆರೆ ಸಾಕು, ಎಷ್ಟು ಗಮ್ ಮೆತ್ತಿದರೂ ಗಾಳಿ ಎಳೆಯುತ್ತದೆ. ಬಿಸಿ ಮಾಡಿ, ಮರದ ಸುತ್ತಿಗೆಯಲ್ಲಿ ಸುತ್ತಲೂ ತಟ್ಟಿ. ಆ ಎರಡು ಹೋಳು ಜೋಡಿ. ಒಂದು ಗಾಡಿಯ ಎಡ, ಇನ್ನೊಂದರ ಬಲ ಸೇರಿಸಿ ಮದುವೆ ಮಾಡಬೇಡಿ.

ಕಿಕ್ಕೂ ಗೇರೂ ಒಂದೇ ಲಿವರ್ ಆದ್ದರಿಂದ ಅದರ ಹಲ್ಲು ಬೇಗ ಸವೆಯುತ್ತದೆ. ಸವೆದರೆ ಲಿವರ್ ಬದಲಿಸಿ, ಶಾಫ್ಟಿಗೆ ವೆಲ್ಡಿಂಗ್ ಹಾಕಿಸಬೇಡಿ. ಹಾಕಿಸಿದವರ ಎಡಗಡೆ ಕವರನ್ನು ನಾನು ಬಿಚ್ಚುವುದಿಲ್ಲ, ಬಿಚ್ಚಲು ಬರುವುದೂ ಇಲ್ಲ.

ಬೋರಿನ ವಿಷಯ. 65 ಮಿ.ಮೀ. ಅಗಲ, 75 ಮಿ.ಮೀ. ಓಟ, ಇದು ಕಾರ್ಖಾನೆ ಕೊಟ್ಟ ಲೆಕ್ಕ. ಪಿಸ್ಟನ್ ಮೊದಲು ಕೊಳ್ಳಿ, ಬೋರ್ ಆಮೇಲೆ ಮಾಡಿಸಿ. ಅಂಗಡಿಯವನು ‘ಸೆಕೆಂಡ್ ಬೋರ್ ಹೊಡೆದಿಟ್ಟಿರ್ತೀನಿ, ಪಿಸ್ಟನ್ ತಂದ್ಕೊಳ್ಳಿ’ ಅಂದರೆ ಸಿಲಿಂಡರ್ ಎತ್ತಿಕೊಂಡು ವಾಪಸ್ ಬನ್ನಿ. ಕೈಯಲ್ಲಿರುವ ಪಿಸ್ಟನ್ನನ್ನು ಮೈಕ್ರೋಮೀಟರಿನಲ್ಲಿ ಅಳೆದು, ಅದಕ್ಕೆ ಬೇಕಾದ ಸಂದು ಬಿಟ್ಟು ಕೊರೆಯಬೇಕು. ಗೀರು ಸಣ್ಣದಿದ್ದರೆ 0.25ರಲ್ಲೇ ಮುಗಿಸಿ, ಒಂದೇ ಸಲಕ್ಕೆ 1 ಮಿ.ಮೀ.ಗೆ ಹಾರಬೇಡಿ. ಕೊರೆದು ಬಂದ ಮೇಲೆ ಪೋರ್ಟುಗಳ ಅಂಚಿಗೆ ಬೆರಳು ಸವರಿ ನೋಡಿ. ಬ್ಲೇಡಿನ ಹಾಗೆ ಚುಚ್ಚಿದರೆ ಅಂಚು ಮುರಿದಿಲ್ಲ ಎಂದರ್ಥ. ಹಾಗೇ ಹಾಕಿದರೆ ರಿಂಗು ಅಲ್ಲಿ ಸಿಕ್ಕಿ ತುಂಡಾಗುತ್ತದೆ. ರಿಂಗಿನ ಬಾಯಿ ಪಿಸ್ಟನ್ನಿನ ಪುಟ್ಟ ಪಿನ್ನಿಗೆ ಸರಿಯಾಗಿ ಕೂತಿದೆಯೇ, ಬಾಣದ ಗುರುತು ಸೈಲೆನ್ಸರ್ ಕಡೆಗಿದೆಯೇ, ಎರಡೆರಡು ಸಲ ನೋಡಿ.

ಹಳೇ ಸರ್ಕ್ಲಿಪ್ ಮತ್ತೆ ಹಾಕಬೇಡಿ. ಇದನ್ನು ನನ್ನ ಖರ್ಚಿನಲ್ಲೇ ಕಲಿತದ್ದು. ‘ಚೆನ್ನಾಗೇ ಇದೆಯಲ್ಲ’ ಎಂದು ಹಳೆಯದನ್ನೇ ಒತ್ತಿ ಕೂರಿಸಿ ನಂಜನಗೂಡು ರಸ್ತೆಗೆ ಹೊರಟೆ. ಟಕ್ ಟಕ್ ಎಂದು ಸಣ್ಣ ಸದ್ದು, ಆಮೇಲೆ ಚಕ್ರವೇ ಕಚ್ಚಿಕೊಂಡಿತು. ಬಿಚ್ಚಿ ನೋಡಿದರೆ ಹೊಸ ಬೋರಿನ ಉದ್ದಕ್ಕೂ ಉಗುರು ಕೂರುವಷ್ಟು ಆಳದ ಗೆರೆ. ಸರ್ಕ್ಲಿಪ್ ಹಾಕುವಾಗ ಕ್ರ್ಯಾಂಕಿನ ಬಾಯಿಗೆ ಬಟ್ಟೆ ತುರುಕಲು ಮರೆಯಬೇಡಿ, ಒಳಗೆ ಬಿದ್ದರೆ ಇಡೀ ಕೇಸು ಬಿಚ್ಚಬೇಕು.

ಕಾರ್ಬ್ಯುರೇಟರ್ ಜೆಟ್ಟಿಗೆ ತಂತಿ ಹಾಕಬೇಡಿ, ಗಾಳಿ ಹೊಡೆಯಿರಿ. ಈಗಿನ ಎಥೆನಾಲ್ ಬೆರೆತ ಪೆಟ್ರೋಲ್ ಹಳೇ ರಬ್ಬರನ್ನು ಮೆತ್ತಗೆ ಮಾಡುತ್ತದೆ, ನೀರನ್ನೂ ಎಳೆದುಕೊಳ್ಳುತ್ತದೆ. ಪೈಪು ಹೊಸದು ಹಾಕಿ, ಗಾಡಿ ನಿಲ್ಲಿಸುವಾಗ ಬೌಲ್ ಖಾಲಿ ಮಾಡಿ.

ಪಾಲಿಶ್ ಪ್ರಿಯರು ಇದನ್ನು ಗಮನವಿಟ್ಟು ಓದಿ. ಇಂಜಿನ್ ನಂಬರ್ ಇರುವ ಜಾಗಕ್ಕೆ ಬಫಿಂಗ್ ಬೇಡವೇ ಬೇಡ. ಕನ್ನಡಿಯ ಹಾಗೆ ಹೊಳೆಯುವ ಕೇಸು ತಂದು, ನಂಬರ್ ಎಲ್ಲಿ ಅಂದರೆ ತಲೆ ಕೆರೆದುಕೊಳ್ಳುತ್ತೀರಿ. 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಉಂಟು, ಪ್ಲೇಟಿನಲ್ಲಿ ‘ವಿಎ’ ಅಕ್ಷರ ಬರುತ್ತದೆ. ಆದರೆ ಚಾಸಿಗೋ ಇಂಜಿನ್ನಿಗೋ ಭಾರೀ ಮಾರ್ಪಾಡು ಆಗಿರಬಾರದು. ನಂಬರ್ ಅಳಿಸಿದ ಇಂಜಿನ್ ಹಿಡಿದುಕೊಂಡು ಆರ್‌ಟಿಓ ಮುಂದೆ ನಿಲ್ಲುವವರು ನೀವೇ, ನಾನು ಬರುವುದಿಲ್ಲ. ಮರಳು ಬ್ಲಾಸ್ಟಿಂಗ್ ಕೂಡ ಬೇಡ. ಆಯಿಲ್ ದಾರಿಯಲ್ಲಿ ಉಳಿದ ಒಂದು ಕಾಳು ಬೇರಿಂಗ್ ತಿನ್ನಲು ಸಾಕು. ಡೀಸೆಲ್, ಬ್ರಷ್, ತಾಳ್ಮೆ, ಅಷ್ಟೇ.

ಹೊಸ ಬೋರಿನ ಗಾಡಿಗೆ ಮೊದಮೊದಲು ಲೀಟರ್ ಪೆಟ್ರೋಲಿಗೆ 50 ಮಿ.ಲೀ. ಟೂ ಟಿ ಆಯಿಲ್, ಆಮೇಲೆ 40. ಕಣ್ಣಂದಾಜು ಬೇಡ, ಅಳತೆ ಡಬ್ಬಿ ಇಟ್ಟುಕೊಳ್ಳಿ. ಬಿಸಿಯಾದ ಮೇಲೆ ನಿಲ್ಲಿಸಿ, ತಣ್ಣಗಾದ ಮೇಲೆ ಹೆಡ್ ನಟ್ಟುಗಳನ್ನು ಎದುರುಬದುರಾಗಿ ಮತ್ತೊಮ್ಮೆ ಬಿಗಿ ಮಾಡಿ.

ಇನ್ನೊಂದು. ಗೋಣಿಚೀಲದಲ್ಲಿ ತಂದ ಇಂಜಿನ್ನಿಗೆ ಜಾವಾ ದಿನದ ಗಡುವು ಕೊಡಬೇಡಿ. ಕ್ರ್ಯಾಂಕ್ ಒತ್ತಿಸಿ ನೇರ ಮಾಡಿಸಲು ಒಂದು ವಾರ, ಬೋರಿಗೆ ನಾಲ್ಕು ದಿನ, ನೀವು ಕಳೆದುಕೊಂಡ ವಾಷರ್ ಹುಡುಕಲು ಎಷ್ಟೋ ಗೊತ್ತಿಲ್ಲ.