ಕ್ಯಾರೆಕ್ಟರ್ ಶೀಟ್ ಯಾರ ಬಳಿ ಇರಬೇಕು?

ಪ್ರಶ್ನೆ: ನಾವು ಗೆಳೆಯರು ಹದಿನೈದು ದಿನಕ್ಕೊಮ್ಮೆ ನಮ್ಮ ಮನೆಯಲ್ಲಿ ಸೇರಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡುತ್ತೇವೆ. ನಾನು ಡಂಜನ್ ಮಾಸ್ಟರ್. ಪ್ರತಿ ಸಲ ಯಾರಾದರೊಬ್ಬರು ಶೀಟ್ ಮರೆತು ಬರುತ್ತಾರೆ. ಎಲ್ಲವೂ ನನ್ನ ಬಳಿಯೇ ಇರಲಿ ಎಂದರೆ, ‘ನನ್ನ ಪಾತ್ರ, ನನ್ನ ಹಾಳೆ’ ಎಂದು ಒಬ್ಬರು ಪಟ್ಟು ಹಿಡಿದಿದ್ದಾರೆ. ಯಾರದು ಸರಿ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಪಾತ್ರ ಆಟಗಾರರದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಾಳೆ ಮೇಜಿನ ಸುತ್ತ ಕೂತ ಎಲ್ಲರ ಲೆಕ್ಕ. ಉಳಿದ ಹಿಟ್ ಪಾಯಿಂಟ್, ಖರ್ಚಾದ ಸ್ಪೆಲ್ ಸ್ಲಾಟ್, ಚೀಲದಲ್ಲಿರುವ ಚಿನ್ನದ ನಾಣ್ಯ ಎಲ್ಲ ಅದರಲ್ಲೇ ಇರುತ್ತವೆ. ಕಾಳಗದ ನಡುವೆ ಆಟ ನಿಂತಿದ್ದರೆ ಇವನ್ನು ನೆನಪಿನಿಂದ ಬರೆಯಲಾಗದು. ಆದ್ದರಿಂದ ಒಂದೇ ಮನೆಯಲ್ಲಿ, ಒಂದೇ ತಂಡ ಆಡುವಾಗ ಮೂಲಪ್ರತಿ ನಿಮ್ಮ ಫೈಲಿನಲ್ಲೇ ಇರಲಿ. ಒಬ್ಬರು ಬಾರದಿದ್ದರೂ ಅವರ ಪಾತ್ರವನ್ನು ಬೇರೆಯವರು ನಡೆಸಬಹುದು.

ಆದರೆ ಒಂದು ಷರತ್ತು. ಆಟ ಮುಗಿದ ಕೂಡಲೇ ಪ್ರತಿಯೊಬ್ಬರೂ ತಮ್ಮ ಶೀಟಿನ ಎರಡೂ ಬದಿಯ ಫೋಟೊ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಕು. ನಿಮ್ಮ ಫೈಲ್ ಕಳೆದರೂ ಆಟ ಉಳಿಯುತ್ತದೆ. ಮುಂದಿನ ಲೆವೆಲ್‌ಗೆ ಏನು ಆರಿಸಿಕೊಳ್ಳಬೇಕೆಂದು ಅವರು ಮನೆಯಲ್ಲಿ ಕೂತು ಯೋಚಿಸಲೂ ಬಹುದು. ‘ಅಡ್ವೆಂಚರರ್ಸ್ ಲೀಗ್’ ಎಂಬ ಸಂಘಟಿತ ಆಟದಲ್ಲಿ ಮಾತ್ರ ಕ್ರಮ ಬೇರೆ. ಅಲ್ಲಿ ಮೇಜೂ ಮಾಸ್ಟರೂ ಬದಲಾಗುತ್ತಿರುವುದರಿಂದ ಶೀಟು ಆಟಗಾರರ ಜೊತೆಯಲ್ಲೇ ತಿರುಗುತ್ತದೆ.

ಪ್ರಶ್ನೆ: ನಮ್ಮಲ್ಲಿ ಶೀಟುಗಳು ಆಟಗಾರರ ಮನೆಗೇ ಹೋಗುತ್ತವೆ. ಒಬ್ಬರ ಹಿಟ್ ಪಾಯಿಂಟ್ ಪ್ರತಿ ಲೆವೆಲ್‌ಗೂ ಅನುಮಾನ ಬರುವಷ್ಟು ಏರುತ್ತಿದೆ. ಹೇಗೆ ಕೇಳುವುದು?
– ಓದುಗರೊಬ್ಬರು, ಮೈಸೂರು

ಉತ್ತರ: ಕೇಳಬೇಡಿ, ಅವಕಾಶವನ್ನೇ ತೆಗೆದುಬಿಡಿ. ಲೆವೆಲ್ ಏರುವಾಗ ದಾಳವನ್ನು ಎಲ್ಲರೆದುರು ಉರುಳಿಸಲಿ. ಇಲ್ಲವೇ ಐದನೇ ಆವೃತ್ತಿಯ ನಿಯಮದಲ್ಲೇ ಇರುವ ನಿಗದಿತ ಅಂಕಿಯನ್ನು ಎಲ್ಲರಿಗೂ ಅನ್ವಯಿಸಿ. ಹತ್ತು ಮುಖದ ದಾಳ ಬಳಸುವ ಫೈಟರ್‌ಗೆ ಅದು 6. ಇದಕ್ಕೆ ಕಾನ್ಸ್ಟಿಟ್ಯೂಷನ್ ಮಾಡಿಫೈಯರ್ ಸೇರುತ್ತದೆ. ಆಗ ಶೀಟು ಯಾರ ಮನೆಯಲ್ಲಿದ್ದರೂ ಲೆಕ್ಕ ಒಂದೇ. ತಪ್ಪು ಬರಿಯ ಕೂಡುವ ಲೆಕ್ಕದ್ದಾಗಿದ್ದರೆ ಅದೂ ಅಲ್ಲೇ ಗೊತ್ತಾಗುತ್ತದೆ.

ಪ್ರಶ್ನೆ: ಮೊಬೈಲ್‌ನಲ್ಲೇ ಎಲ್ಲ ಇಟ್ಟರೆ ಈ ತಕರಾರೇ ಇರದಲ್ಲವೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಬಹುಪಾಲು ಹೌದು. 2017ರಲ್ಲಿ ಬಂದ ‘ಡಿ ಅಂಡ್ ಡಿ ಬಿಯಾಂಡ್’ ಜಾಲತಾಣದಲ್ಲಿ ಆಟಗಾರರು ತಿದ್ದಿದ್ದನ್ನು ಅದೇ ಕ್ಯಾಂಪೇನ್‌ನ ಮಾಸ್ಟರ್ ನೋಡಬಹುದು. ಆದರೂ ನೆಟ್‌ವರ್ಕ್ ಕೈಕೊಟ್ಟ ದಿನಕ್ಕೆಂದು ಒಂದು ಮುದ್ರಿತ ಪ್ರತಿ ಇರಲಿ, ಅದರಲ್ಲಿ ಬದಲಾಗುವ ಅಂಕಿಗಳನ್ನು ಪೆನ್ಸಿಲಿನಲ್ಲೇ ಬರೆಯಿರಿ. ಯಾವ ಪದ್ಧತಿಯಾದರೂ ಸರಿ, ಮೊದಲ ಆಟದ ದಿನವೇ ಎಲ್ಲರೂ ಕೂತು ತೀರ್ಮಾನಿಸಿಕೊಳ್ಳಿ.