ಮನೆಗೂ ಹಿತ, ಊರಿಗೂ ಹಿತ

ಬನ್ನಿ, ಒಂದು ಲೆಕ್ಕ ಮಾಡೋಣ.

ಅಜ್ಜನಿಗೆ 8 ಎಕರೆ ಹೊಲ. 4 ಮಕ್ಕಳು. ಹೊಲ ಪಾಲಾಯಿತು. ಒಬ್ಬೊಬ್ಬರಿಗೆ 2 ಎಕರೆ ಬಂತು. ಅವರಿಗೂ ನಾಲ್ಕು ನಾಲ್ಕು ಮಕ್ಕಳು. ಮತ್ತೆ ಪಾಲಾಯಿತು. ಈಗ ಒಬ್ಬೊಬ್ಬರಿಗೆ ಎಷ್ಟು? ಬರೀ 20 ಗುಂಟೆ!

20 ಗುಂಟೆ ಬೆಳೆ ವರ್ಷವೆಲ್ಲ ಹೊಟ್ಟೆಗೆ ಸಾಲುತ್ತದಾ? ಸಾಲದು. ಆಗ ನಾವು ಗೋಮಾಳ ಉಳುತ್ತೇವೆ. ಸೌದೆಗೆ ಕಾಡು ಕಡಿಯುತ್ತೇವೆ. ಬೋರನ್ನು ಇನ್ನೂ ಆಳಕ್ಕೆ ಕೊರೆಸುತ್ತೇವೆ. ಕೊನೆಗೆ ಗುಳೆ ಹೋಗುತ್ತೇವೆ.

ಹಾಗಂತ ಬಡವರ ಮಕ್ಕಳಿಂದಲೇ ಕಾಡು ಹಾಳಾಯಿತು ಅನ್ನುವುದು ತಪ್ಪು. ಕರೆಂಟು, ಪೆಟ್ರೋಲು ಹೆಚ್ಚು ಸುಡುವವರು ಉಳ್ಳವರು. ಆದರೂ ನಮ್ಮ ಪಾಲಿನ ನೆಲ, ನೀರು ನಮ್ಮ ಮಕ್ಕಳಿಗೆ ಸಾಲಬೇಕಲ್ಲವೇ?

ಹೆರಿಗೆಯಿಂದ ಹೆರಿಗೆಗೆ 3 ವರ್ಷ ಅಂತರ ಇರಲಿ. ತಾಯಿಯ ಮೈ ಸುಧಾರಿಸುತ್ತದೆ. ಕೂಸಿಗೆ ಎದೆಹಾಲು ಸಿಗುತ್ತದೆ. ತಮ್ಮನನ್ನು ಎತ್ತಿಕೊಳ್ಳೋಕೆ ಅಕ್ಕ ಶಾಲೆ ಬಿಡಬೇಕಾಗಿಲ್ಲ. ತಾಯಿಗೂ ಬಿಡುವು ಸಿಗುತ್ತದೆ. ಅವಳು ಗ್ರಾಮಸಭೆಗೆ ಹೋಗಬಹುದು. ಕುಡಿಯುವ ನೀರು ಕೇಳಬಹುದು. ಒಂದು ಮನೆಯ ಹಿತ ಊರಿನ ಹಿತ ಆಗುವುದು ಹೀಗೆ.

ಇದು ನಮ್ಮ ನಾಡಿಗೆ ಹೊಸದಲ್ಲ. 1930ರಲ್ಲೇ ಮೈಸೂರು ಸರ್ಕಾರ ಇದಕ್ಕಾಗಿ ಚಿಕಿತ್ಸಾ ಕೇಂದ್ರ ತೆರೆಯಿತು. 1952ರಲ್ಲಿ ಇಡೀ ದೇಶಕ್ಕೆ ಕಾರ್ಯಕ್ರಮ ಬಂತು. 1992-93ರ ಸಮೀಕ್ಷೆಯಲ್ಲಿ ಕರ್ನಾಟಕದ ತಾಯಿಗೆ ಸರಾಸರಿ ಸುಮಾರು 3 ಮಕ್ಕಳು. 2019-21ರ ಸಮೀಕ್ಷೆಯಲ್ಲಿ 2ಕ್ಕಿಂತ ಕಡಿಮೆ.

ಆದರೆ ಬಲವಂತ ಬೇಡ. 1976ರಲ್ಲಿ, ತುರ್ತು ಪರಿಸ್ಥಿತಿಯ ಕಾಲದಲ್ಲಿ, ದೇಶದ ಹಲವು ಕಡೆ ಗಂಡಸರನ್ನು ಹಿಡಿದು ಆಪರೇಷನ್ ಮಾಡಿದರು. ಜನ ಹೆದರಿದರು, ಸಿಟ್ಟಾದರು. ಮಕ್ಕಳು ಎಷ್ಟು, ಯಾವಾಗ? ತೀರ್ಮಾನ ಗಂಡ ಹೆಂಡಿರದು. ಅತ್ತೆಯದಲ್ಲ, ಅಧಿಕಾರಿಯದೂ ಅಲ್ಲ. ಹೆರುವವಳ ಮಾತು ಮೊದಲು ಕೇಳಬೇಕು.

ದಾರಿಗಳು ಹಲವು. ನಿರೋಧ್ ಇದೆ. ನುಂಗುವ ಮಾತ್ರೆ ಇದೆ. ವಂಕಿ ಇದೆ. ಮೂರು ತಿಂಗಳಿಗೊಮ್ಮೆ ಹಾಕಿಸುವ ಚುಚ್ಚುಮದ್ದಿದೆ. ಮಕ್ಕಳು ಸಾಕು ಅನ್ನುವವರಿಗೆ ಆಪರೇಷನ್ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಇವಕ್ಕೆ ದುಡ್ಡಿಲ್ಲ. ಯಾವುದು ಯಾರಿಗೆ ಹೊಂದುತ್ತದೆ ಅಂತ ಆಶಾ ಕಾರ್ಯಕರ್ತೆಯನ್ನೋ ಡಾಕ್ಟರನ್ನೋ ಕೇಳೋಣ.

ಇನ್ನೊಂದು ಮಾತು. 2019-21ರಲ್ಲಿ ನಮ್ಮ ದೇಶದಲ್ಲಿ ಮದುವೆಯಾದ 100 ಹೆಂಗಸರಲ್ಲಿ ಸುಮಾರು 38 ಮಂದಿಗೆ ಆಪರೇಷನ್ ಆಗಿತ್ತು. ಗಂಡನಿಗೆ ಆಪರೇಷನ್ ಆದದ್ದು 100 ಮನೆಗೆ ಒಂದೂ ಇಲ್ಲ. ಗಂಡಸರ ಆಪರೇಷನ್ ಚಿಕ್ಕದು, ಸುಲಭ. ಅದರಿಂದ ಶಕ್ತಿ ಕುಂದುತ್ತದೆ ಅನ್ನುವುದು ಸುಳ್ಳು. ಸಂಸಾರ ಇಬ್ಬರದು. ಹೊಣೆ ಒಬ್ಬಳದೇ ಯಾಕೆ?

ಮಾತಾಡೋಣ:
1. ನಿಮ್ಮ ಅಜ್ಜನ ಹೊಲ ಎಷ್ಟಿತ್ತು? ಈಗ ನಿಮ್ಮ ಪಾಲು ಎಷ್ಟು?
2. ನಿಮ್ಮ ಮನೆಯಲ್ಲಿ ಈ ತೀರ್ಮಾನ ಯಾರದು?
3. ತಮ್ಮ ತಂಗಿಯರನ್ನು ನೋಡಿಕೊಳ್ಳಲು ಶಾಲೆ ಬಿಟ್ಟ ಹುಡುಗಿಯರು ನಿಮ್ಮ ಊರಲ್ಲಿ ಇದ್ದಾರೆಯೇ?